ತವರಿನ ಕೊನೆಯ ಸೀರೆ

ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ಮೈಮೇಲೆ ಹೊದಿಸುವ ಹೊಸ ಸೀರೆ ತವರಿನಿಂದಲೇ ಬರಬೇಕು. ಅಣ್ಣನೋ ತಮ್ಮನೋ ತರುತ್ತಾರೆ. ಅದು ಬರುವವರೆಗೆ ಹೆಣ ಎತ್ತುವುದಿಲ್ಲ. ಇದನ್ನು ಓದಿ ಮುಖ ಸಪ್ಪೆ ಮಾಡಿಕೊಳ್ಳಬೇಡಿ, ಮಕ್ಕಳೇ. ನಾನು ಹೇಳಹೊರಟಿರುವುದು ನಗುವ ಸಂಗತಿ.

ನಿಮ್ಮ ತಾತ ಹೋಗಿ ಕೆಲವು ವರ್ಷಗಳಾಗಿದ್ದವು. ಭದ್ರಾವತಿಯಲ್ಲಿದ್ದ ನನ್ನ ಅಣ್ಣ ಒಂದು ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗದ ನಮ್ಮ ಮನೆಗೆ ಬಂದ. ಕಾರ್ಖಾನೆಯಲ್ಲಿ ಯಂತ್ರಗಳ ಸದ್ದಿನ ನಡುವೆ ದುಡಿದು ನಿವೃತ್ತನಾದವನು. ಕಿವಿ ಮಂದ, ಗಂಟಲು ದೊಡ್ಡದು. ಕಾಫಿ ಲೋಟ ಕೆಳಗಿಟ್ಟವನೇ, "ನಡಿ, ಗಾಂಧಿ ಬಜಾರಿಗೆ ಹೋಗೋಣ. ನಿನ್ನ ಕೊನೇ ಸೀರೆ ಈಗಲೇ ತೆಗೆದುಕೊಟ್ಟುಬಿಡ್ತೀನಿ" ಎಂದ.

"ನನಗೇನಾಗಿದೆ ಅಣ್ಣಯ್ಯ? ಇನ್ನೂ ಬಾವಿಯಿಂದ ನೀರು ಸೇದ್ತೀನಿ."

"ನಿನಗೇನೂ ಆಗಿಲ್ಲ ಮಾರಾಯ್ತಿ. ನಾನು ನಿನಗಿಂತ ದೊಡ್ಡವನಲ್ವಾ? ನಾನು ಮೊದಲು ಹೋದ್ರೆ ಯಾರು ತರ್ತಾರೆ? ನನ್ನ ಹುಡುಗರಿಗೆ ಇಂಥದ್ದೆಲ್ಲ ಗೊತ್ತಿಲ್ಲ. ತವರಿನ ಸೀರೆ ಇಲ್ದೆ ನೀನು ಹೋದ್ರೆ ಮೇಲೆ ಅಮ್ಮ ನನ್ನ ಕಿವಿ ಹಿಂಡ್ತಾಳೆ."

ನಗುತ್ತಲೇ ಹೇಳಿದ. ಆದರೆ ಈ ಚಿಂತೆ ಬಹಳ ದಿನದಿಂದ ಅವನನ್ನು ಕೊರೆಯುತ್ತಿತ್ತೆಂದು ನನಗೆ ಗೊತ್ತಾಯಿತು. ಚಪ್ಪಲಿ ಮೆಟ್ಟಿ ಹೊರಟೆ.

ಅಂಗಡಿಯ ತುಂಬ ಮದುವೆ ಜವಳಿಗೆ ಬಂದವರು. ನಾನು ಸೆರಗು ಹೊದ್ದು ಮೂಲೆಯಲ್ಲಿ ಕೂತೆ. ಅಂಗಡಿಯವರು, "ಯಾವ ಫಂಕ್ಷನ್ನಿಗೆ ಯಜಮಾನ್ರೇ?" ಎಂದು ಕೇಳಿದರು.

"ಇವಳ ಸಾವಿಗೆ" ಎಂದ ಅಣ್ಣ, ಕಾರ್ಖಾನೆಯ ಗಂಟಲಿನಲ್ಲೇ.

ಜವಳಿ ಆರಿಸುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಸೆರಗಿನೊಳಗೇ ಬೆವೆತುಹೋದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮ ಗಟ್ಟಿಮುಟ್ಟಾಗೇ ಇದ್ದಾರಲ್ಲ" ಎಂದರು.

"ಅವಸರ ಏನಿಲ್ಲ. ನೀವು ತೋರಿಸಿ."

ಅಣ್ಣ ಮಾಸಲು ಕಂದು ಬಣ್ಣದ್ದೊಂದನ್ನು ಎಳೆದುಕೊಂಡು, "ಇದು ಗಂಭೀರವಾಗಿದೆ" ಎಂದ. ನನ್ನ ಕಣ್ಣು ಮಾತ್ರ ಪಕ್ಕದಲ್ಲಿ ಯಾರಿಗೋ ಬಿಡಿಸಿಟ್ಟಿದ್ದ ಕನಕಾಂಬರ ಬಣ್ಣದ ಸೀರೆಯ ಮೇಲಿತ್ತು. ನನ್ನ ಸೀರೆಗಳನ್ನು ಯಾವಾಗಲೂ ಆರಿಸಿದವರು ಬೇರೆಯವರೇ. ಮೊದಲು ಅಪ್ಪ, ಆಮೇಲೆ ನಿಮ್ಮ ತಾತ, ಆಮೇಲೆ ನಿಮ್ಮಮ್ಮ. ತಾತ ಹೋದ ಮೇಲೆ ಬಂದವೆಲ್ಲ ಬೂದು, ಕಾಫಿಪುಡಿ ಬಣ್ಣದವು. ಮಾನವಂತೂ ಆಗಲೇ ಹೋಗಿತ್ತು, ಇನ್ನು ನಾಚಿಕೆ ಯಾಕೆಂದು ಬೆರಳು ಮಾಡಿ ತೋರಿಸಿದೆ.

"ಅದು ಎದ್ದು ಕಾಣುತ್ತಲ್ಲೇ!"

"ಕಾಣಲಿ ಬಿಡು. ಅವತ್ತು ಎಲ್ರೂ ನನ್ನನ್ನೇ ನೋಡೋಕೆ ತಾನೇ ಬಂದಿರ್ತಾರೆ?"

ಜವಳಿಗೆ ಬಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸೀರೆ ನನ್ನದಾಯಿತು. ಅಣ್ಣ ಹಗುರಾಗಿ ಬಸ್ಸು ಹತ್ತಿದ.

ಅದು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು. ಆಗಾಗ ಮುಚ್ಚಳ ತೆಗೆದು ನೋಡುತ್ತಿದ್ದೆ. ಭದ್ರಾವತಿಯಲ್ಲಿ ಅಣ್ಣನ ಮೊಮ್ಮಗಳ ಮದುವೆ ಬಂತು. ಬೆಳಿಗ್ಗೆ ಅದನ್ನೇ ಉಟ್ಟು ಹೊರಗೆ ಬಂದರೆ ನಿಮ್ಮಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಅತ್ತೆ, ಅದು ಆ ಸೀರೆ ಅಲ್ವಾ?"

"ಇದನ್ನ ಉಟ್ರೆ ಹೇಗೆ ಕಾಣ್ತೀನಿ ಅಂತ ನಾನೂ ಒಂದ್ಸಲ ನೋಡಬೇಡ್ವೇನೇ?"

ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಅಣ್ಣನ ಕೈ ನಿಂತಿತು. "ಏನು ಮಾಡಿಬಿಟ್ಟೆ ಮಾರಾಯ್ತಿ? ಉಟ್ಟ ಸೀರೆ ಅದಕ್ಕೆ ಆಗಲ್ಲ. ಹೊಸದೇ ಆಗಬೇಕು."

"ಗೊತ್ತು. ಇನ್ನೊಂದು ತಂದುಕೊಡು. ತರೋವರೆಗೂ ನೀನು ಎಲ್ಲಿಗೂ ಹೋಗೋ ಹಾಗಿಲ್ಲ."

ಅವನು ನನ್ನನ್ನೇ ನೋಡಿದ. ಆಮೇಲೆ ಎಂಥ ನಗು ನಕ್ಕನೆಂದರೆ ಓಲಗದವರು ತಿರುಗಿ ನೋಡಿದರು. ನನ್ನ ಮುಖಕ್ಕೆ ಒಂದು ಪಾಲು ಹೆಚ್ಚೇ ಪನ್ನೀರು ಬಿತ್ತು.

ಎರಡನೆಯದನ್ನೂ ತಂದ. ಅದನ್ನು ನಿಮ್ಮಲ್ಲಿ ಚಿಕ್ಕವಳ ನಾಮಕರಣಕ್ಕೆ ಉಟ್ಟೆ. ಈಚೆಗೆ ಅವನಿಗೆ ಬಸ್ಸು ಹತ್ತಲಾಗುವುದಿಲ್ಲ. ಮೂರನೆಯದಕ್ಕೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದವನು ಅವನ ಹಿರಿಯ ಮಗ. "ಬಣ್ಣ ನೀವೇ ಹೇಳ್ಬೇಕಂತೆ ಅತ್ತೆ. ಉಟ್ಟುಬಿಟ್ರೆ ಮುಂದಿನದನ್ನ ನಾನೇ ತರಬೇಕು ಅಂತ ಅಪ್ಪ ಮಾತು ತಗೊಂಡಿದ್ದಾರೆ" ಎಂದ. ಅಣ್ಣ ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನಂತೆ.

ಸೀರೆ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲಿದೆ, ನವಿಲುಗರಿಯ ಬಣ್ಣದ್ದು. ಯಾವಾಗಲಾದರೂ ಮುಚ್ಚಳ ತೆಗೆದಾಗ ಅದು ಕಾಣದಿದ್ದರೆ ಗಾಬರಿಯಾಗಬೇಡಿ. ಯಾರದೋ ಮನೆಯ ಊಟಕ್ಕೆ ಉಟ್ಟುಕೊಂಡು ಹೋಗಿರುತ್ತೇನೆ.