ಬಿರಡೆ ಅಮ್ಮ ಹಡಗು ನಿಲ್ಲಿಸಿದ್ದು

ನಮ್ಮತ್ತೆಯ ಜೊತೆ ಒಂಬತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಏಗಿದವಳು ನಾನು. ಅವರ ವಿಷಯ ಹೇಳುವ ಹಕ್ಕು ನನಗಿರುವಷ್ಟು ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಇಲ್ಲ. ಬಂದರಿನಲ್ಲಿ ಎಲ್ಲರೂ ಅವರನ್ನು ಬಿರಡೆ ಅಮ್ಮ ಎನ್ನುತ್ತಾರೆ. ಕೆಲವರು ಪ್ರೀತಿಯಿಂದ, ಬಹಳಷ್ಟು ಮಂದಿ ಹಲ್ಲು ಕಚ್ಚಿಕೊಂಡು.

ಹೆಸರು ಬಂದದ್ದು ಕೆಲಸದಿಂದ. ಎಣ್ಣೆ ಹಡಗಿನ ಡೆಕ್ಕಿನ ಅಂಚಿನುದ್ದಕ್ಕೂ ಮಳೆನೀರು ಹರಿದುಹೋಗಲೆಂದು ತೂತುಗಳಿರುತ್ತವೆ. ಎಣ್ಣೆ ತುಂಬುವಾಗ ಅಷ್ಟನ್ನೂ ರಬ್ಬರ್ ಬಿರಡೆ ಹಾಕಿ ಬಿಗಿಯಾಗಿ ಮುಚ್ಚಬೇಕು. ಆಗ ಎಲ್ಲಾದರೂ ಉಕ್ಕಿದರೂ ಎಣ್ಣೆ ಡೆಕ್ಕಿನ ಮೇಲೇ ನಿಲ್ಲುತ್ತದೆ, ಕೆಳಗಿನ ನೀರಿಗೆ ಬೀಳುವುದಿಲ್ಲ. ಮುಚ್ಚಿದ್ದಾರೋ ಇಲ್ಲವೋ ಎಂದು ಹಡಗು ಹತ್ತಿ ನೋಡಿ ಬರುವುದು ನಮ್ಮತ್ತೆಯ ಕೆಲಸ. ಬೇರೆಯವರಾದರೆ ದೂರದಿಂದ ಕಣ್ಣು ಹಾಯಿಸಿ ಇಳಿದು ಬಂದಾರು. ಇವರು ಒಂದೊಂದು ಬಿರಡೆಯ ಮುಂದೆಯೂ ಕುಕ್ಕರುಗಾಲಲ್ಲಿ ಕೂತು, ಕೈಯಿಂದ ತಿರುಗಿಸಿ, ಅಲುಗಾಡಿಸಿ ನೋಡುತ್ತಾರೆ. ಮೂವತ್ತು ವರ್ಷ ಇದನ್ನೇ ಮಾಡಿದ್ದಾರೆ.

ಮನೆಯಲ್ಲೂ ಅದೇ ಗೋಳು. "ಗ್ಯಾಸ್ ಮುಚ್ಚಿದೀಯೇನೇ?" ಎನ್ನುತ್ತಾರೆ. ಮುಚ್ಚಿದೀನಿ ಅತ್ತೆ ಎಂದರೂ ಎದ್ದು ಬಂದು ಮುಟ್ಟಿ ನೋಡದೆ ಹೋದರೆ ಕೇಳಿ. ಒಂದು ದಿನ ಹಾಲಿನ ಪಾತ್ರೆಗೆ ಮುಚ್ಚಿದ ತಟ್ಟೆಯನ್ನೂ ಮುಟ್ಟಿ ನೋಡಲು ಬಂದಾಗ ನಾನು ರೇಗಿಬಿಟ್ಟೆ. "ಅತ್ತೆ, ಇದು ಹಾಲಿನ ಪಾತ್ರೆ, ಹಡಗಲ್ಲ!"

"ಉಕ್ಕೋದು ಎರಡೂ ಉಕ್ಕುತ್ತೆ ಕಣೆ," ಎಂದು ತಟ್ಟೆ ಸರಿಮಾಡಿ ಹೋದರು.

ಅವರ ಈ ಹಟ ಸುಮ್ಮನೆ ಹುಟ್ಟಿದ್ದಲ್ಲ. ನನ್ನ ಗಂಡ ಏಳು ವರ್ಷದವನಿದ್ದಾಗ ಹಡಗು ಬಂದು ನಿಲ್ಲುವ ಇದೇ ಜೆಟ್ಟಿಯಲ್ಲಿ ಒಂದೇ ಒಂದು ತೂತು ತೆರೆದಿದ್ದು, ಕರಿ ಎಣ್ಣೆ ನೀರಿಗಿಳಿಯಿತಂತೆ. ಹೆಚ್ಚೇನಲ್ಲ, ಎರಡು ಡ್ರಮ್ಮು ಎಂದು ಆಫೀಸಿನವರು ಹೇಳಿದರು. ಆ ಎರಡು ಡ್ರಮ್ಮು, ಬಂದರಿನವರು ಕೊಟ್ಟ ನಮ್ಮ ಕ್ವಾರ್ಟರ್ಸಿನ ಹಿಂದಿನ ಕೆಸರುದಂಡೆಯಲ್ಲಿ ವರ್ಷಗಟ್ಟಲೆ ಕೂತಿತು. ಆಡಲು ಹೋದ ಮಕ್ಕಳೆಲ್ಲ ಮೊಣಕಾಲಿನವರೆಗೂ ಕಪ್ಪಾಗಿ ಬರುತ್ತಿದ್ದರು. ಅತ್ತೆ ಮಗನ ಕಾಲನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಚರ್ಮ ಸುಲಿದು, ಅವನು ಊರು ಕೇಳುವಂತೆ ಅಳುತ್ತಿದ್ದನಂತೆ. ದಂಡೆಯಲ್ಲಿ ಚಿಪ್ಪು ಹೆಕ್ಕಿ ಮಾರುತ್ತಿದ್ದ ಹೆಂಗಸರು ಬೇರೆ ಕೆಲಸ ಹುಡುಕಿಕೊಂಡರು. ಅಲ್ಲಿ ಇವತ್ತಿಗೂ ಗುದ್ದಲಿ ಹಾಕಿದರೆ ಎಣ್ಣೆ ವಾಸನೆ ಬರುತ್ತದೆ.

ಇಷ್ಟು ಗೊತ್ತಿದ್ದೂ, ಹೋದ ಮಳೆಗಾಲದಲ್ಲಿ ಅವರು ಹಡಗು ನಿಲ್ಲಿಸಿದಾಗ ನಾನು ಅವರ ಮೇಲೇ ಉರಿದುಬಿದ್ದೆ. ಸುಳ್ಳೇಕೆ ಹೇಳಲಿ.

ಅವತ್ತು ಬೆಳಗ್ಗೆ ಜೋರು ಮಳೆ ಬಂದು ನಿಂತಿತ್ತು. ಹಡಗಿಗೆ ಎಣ್ಣೆ ತುಂಬುವುದು ಅರ್ಧ ಮುಗಿದಿತ್ತು. ಡೆಕ್ಕಿನ ಮೇಲೆ ನಿಂತ ಮಳೆನೀರು ಹೋಗಲೆಂದು ಹಡಗಿನವರು ಹಿಂಬದಿಯ ಎರಡು ಬಿರಡೆ ಕಿತ್ತರು. ಎಲ್ಲ ಹಡಗಿನವರೂ ಮಾಡುವ ತಪ್ಪೇ ಇದು. ನೀರು ಬಿಡಬೇಕಾದರೆ ಎಣ್ಣೆ ನಿಲ್ಲಿಸಿ ಬಿಡಬೇಕು, ಬಿಟ್ಟಮೇಲೆ ಮತ್ತೆ ಮುಚ್ಚಬೇಕು. ನೀರು ಹೋದಮೇಲೆ ಮುಚ್ಚುವುದು ಯಾರಿಗೂ ನೆನಪಿರುವುದಿಲ್ಲ. ಅತ್ತೆ ಕೆಳಗೆ ಜೆಟ್ಟಿಯಿಂದಲೇ ಮೂರು ಸಲ ಮುಚ್ಚಿ ಎಂದು ಕೂಗಿ ಹೇಳಿದರು. ಮೂರನೆಯ ಸಲ ಹಡಗಿನ ಅಧಿಕಾರಿ ಹೆಬ್ಬೆರಳು ತೋರಿಸಿ, ಮುಚ್ಚಿಯಾಯಿತು ಎಂದ. ಇವರು ಬಿಟ್ಟಾರೆಯೇ? ಏಣಿ ಹತ್ತಿ ಹೋಗಿ ಕೈ ಇಟ್ಟು ನೋಡಿದರೆ, ಹತ್ತೊಂಬತ್ತನೆಯ ತೂತೂ ಇಪ್ಪತ್ತನೆಯದೂ ಬಾಯಿ ತೆರೆದುಕೊಂಡಿವೆ.

ಸರಸರನೆ ಕೆಳಗಿಳಿದು ಬಂದು ಜೆಟ್ಟಿಯ ಕೆಂಪು ಗುಂಡಿ ಒತ್ತಿಬಿಟ್ಟರು. ಪಂಪು ನಿಂತಿತು. ಅದನ್ನು ಒತ್ತುವ ಅಧಿಕಾರ ಅವರಿಗಿದೆ ಎಂದು ನಿಯಮದ ಪುಸ್ತಕದಲ್ಲಿದೆ, ಆದರೆ ಹನ್ನೊಂದು ವರ್ಷದಿಂದ ಯಾರೂ ಒತ್ತಿರಲಿಲ್ಲ. ಮತ್ತೆ ಶುರುಮಾಡಲು ಎಲ್ಲ ಪೈಪನ್ನೂ ಮೊದಲಿನಿಂದ ಪರೀಕ್ಷಿಸಬೇಕು. ಅಷ್ಟರಲ್ಲಿ ಸಮುದ್ರದ ಉಬ್ಬರ ಇಳಿದು, ಹೊರಡಲು ನೀರು ಸಾಲದೆ ಹಡಗು ಇನ್ನರ್ಧ ದಿನ ಅಲ್ಲೇ ಕೂತಿತು. ಹಿಂದೆ ಇನ್ನೊಂದು ಹಡಗು ಕಾಯುತ್ತಿತ್ತು. ಬಂದರಿನ ದೊಡ್ಡ ಸಾಹೇಬರು ಕೆಂಡಾಮಂಡಲವಾದರು.

ಸಂಜೆ ಆಫೀಸಿನ ಗುಮಾಸ್ತ ಮನೆಗೆ ಬಂದು ಎರಡು ಸಾಲಿನ ಮಾದರಿ ಪತ್ರ ಕೊಟ್ಟ. "ತಪ್ಪು ತಿಳುವಳಿಕೆಯಿಂದ ಕೆಲಸ ನಿಲ್ಲಿಸಿದೆ. ಮುಂದೆ ಹೀಗೆ ಮಾಡುವುದಿಲ್ಲ." ಇದನ್ನು ಬರೆದು ಸಹಿ ಮಾಡಿ ನಾಳೆ ಹತ್ತಕ್ಕೆ ತಂದರೆ ವಿಷಯ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಅವರನ್ನು ಜೆಟ್ಟಿಯಿಂದ ತೆಗೆದು ಗೇಟಿನ ಕಾವಲಿಗೆ ಹಾಕುತ್ತಾರೆ. ಗೇಟಿನವರಿಗೆ ಕ್ವಾರ್ಟರ್ಸು ಇಲ್ಲ.

ಕ್ವಾರ್ಟರ್ಸು ಎಂದರೆ ನನ್ನ ಮನೆ! ಎರಡೇ ಕೋಣೆ ನಿಜ. ಆದರೆ ಹಿಂದಿನ ಜಗಲಿಯಲ್ಲಿ ನನ್ನ ಹೊಲಿಗೆ ಯಂತ್ರವಿದೆ. ಸಾಲುಮನೆಯ ಹೆಂಗಸರೆಲ್ಲ ನನ್ನ ಗಿರಾಕಿಗಳು. ಬೇರೆ ಕಡೆ ಹೋದರೆ ನನ್ನನ್ನು ಕೇಳುವವರು ಯಾರು?

"ಎರಡು ಸಾಲು ಅತ್ತೆ! ಬರೆದು ಬಿಸಾಕಿ," ಎಂದೆ. "ಊರಿಗೊಂದು ದಾರಿಯಾದ್ರೆ ನಿಮಗೊಂದು ದಾರಿ."

"ನಾನು ಹೇಳ್ತೀನಿ, ನೀನು ಬರಿ," ಎಂದರು ಶಾಂತವಾಗಿ. ಅವತ್ತಿನ ಅವಸರದಲ್ಲಿ ತಮ್ಮ ಕನ್ನಡಕದ ಮೇಲೆ ತಾವೇ ಕೂತು ಅದನ್ನು ಎರಡು ತುಂಡು ಮಾಡಿಕೊಂಡಿದ್ದರು. ಬೇರೆ ದಿನವಾಗಿದ್ದರೆ ನಾನು ವಾರವಿಡೀ ನಗುತ್ತಿದ್ದೆ. ಅವರು ಹೇಳುತ್ತಾ ಹೋದರು: "ಹತ್ತೊಂಬತ್ತು, ಇಪ್ಪತ್ತನೆಯ ತೂತು ತೆರೆದಿದ್ದವು. ಮೂರು ಸಲ ಹೇಳಿದೆ. ಮುಚ್ಚಿದೆವೆಂದು ಸುಳ್ಳು ಹೇಳಿದರು. ನಿಲ್ಲಿಸಿದೆ. ನಾಳೆ ಇನ್ನೊಂದು ಹಡಗಿನಲ್ಲಿ ತೆರೆದಿದ್ದರೆ ಅದನ್ನೂ ನಿಲ್ಲಿಸುತ್ತೇನೆ."

ನನ್ನ ಗಂಡ ಬಾಗಿಲಲ್ಲಿ ನಿಂತು ಕಣ್ಸನ್ನೆ ಮಾಡಿದರು. ನಾನು ಒಳಗೆ ಹೋದರೆ ಪಿಸುಗುಟ್ಟಿದರು. "ಆಫೀಸಿನವರು ಕೇಳಿದ್ದನ್ನೇ ಬರೆದುಬಿಡೇ. ಅಮ್ಮಂಗೆ ಕಣ್ಣು ಕಾಣ್ತಿಲ್ಲ."

ಬರೆದೆ. ಮಾದರಿ ಪತ್ರದ ಎರಡು ಸಾಲನ್ನು ನನ್ನ ದುಂಡು ಅಕ್ಷರದಲ್ಲಿ ಬರೆದು, ಪೆನ್ನು ಅವರ ಕೈಗಿಟ್ಟು, ಸಹಿ ಹಾಕಬೇಕಾದ ಜಾಗಕ್ಕೆ ಬೆರಳು ಹಿಡಿದು ಒಯ್ದೆ.

"ಒಂದು ಸಲ ಓದಿ ಹೇಳಲಾ ಅತ್ತೆ?" ಎಂದೆ.

"ಯಾಕೆ? ನೀನು ಬರೆದಿದ್ದಲ್ವಾ," ಎಂದು ಸಹಿ ಹಾಕಿ ಮಲಗಲು ಹೋದರು.

ಹಾಲಿನ ತಟ್ಟೆಯನ್ನೂ ನಂಬದ ಹೆಂಗಸು! ನನಗೆ ಅವರು ಎರಡು ಏಟು ಹಾಕಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಗಂಡ ಸಮಾಧಾನವಾಗಿ ಊಟ ಮಾಡಿದರು. ನಾನು ಊಟಕ್ಕೆ ಕೂರದೆ ಪಾತ್ರೆ ತೊಳೆದಿಟ್ಟೆ.

ಬೆಳಗ್ಗೆ ಕನ್ನಡಕವಿಲ್ಲದ ಅತ್ತೆಯ ಕೈ ಹಿಡಿದು ನಾನೂ ಹೋದೆ. ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಇನ್ನು ಹತ್ತು ನಿಮಿಷವಿತ್ತು. ತಡೆಯಲಾಗದೆ ಹೇಳಿಬಿಟ್ಟೆ. "ಅತ್ತೆ, ನೀವು ಹೇಳಿದ್ದು ಅದರಲ್ಲಿಲ್ಲ. ಆಫೀಸಿನವರು ಕೇಳಿದ್ದೇ ಇದೆ."

ಅವರು ನನ್ನ ಕಡೆ ತಿರುಗಲಿಲ್ಲ. ಮುಂದೆ ನೋಡುತ್ತಲೇ ಹೇಳಿದರು. "ಮೂವತ್ತು ವರ್ಷ ಎಲ್ಲರ ಕೆಲಸಾನೂ ಮುಟ್ಟಿ ನೋಡಿದೆ. ಮನೆಯವಳದ್ದನ್ನ ಮಾತ್ರ ನೋಡಲಿಲ್ಲ, ನೋಡು."

ನನಗೆ ಅಳು ಉಕ್ಕಿ ಬಂತು. "ಮನೆ ಹೋಗುತ್ತಲ್ಲಾ ಅತ್ತೆ! ನನ್ನ ಹೊಲಿಗೆ ಹೋಗುತ್ತೆ!"

"ಹೋಗುತ್ತೆ," ಎಂದರು. "ಅದನ್ನ ನನ್ನ ಮುಖಕ್ಕೇ ಹೇಳಿ ಜಗಳ ಆಡಬೇಕಿತ್ತು. ನನ್ನ ಸಹಿ ಕದಿಯೋದೇನಿತ್ತು?"

ಪತ್ರ ಹರಿದು ಹಾಕಿದೆ. ಗುಮಾಸ್ತನ ಹತ್ತಿರ ಹಾಳೆ ಇಸಿದುಕೊಂಡು, ತೊಡೆಯ ಮೇಲಿಟ್ಟು, ಅವರು ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಬರೆದೆ. ಈ ಸಲ ಎರಡು ಬಾರಿ ಓದಿಸಿಕೊಂಡೇ ಸಹಿ ಹಾಕಿದರು.

ಒಳಗೆ ದೊಡ್ಡ ಸಾಹೇಬರು ಪತ್ರ ಓದಿ ಮೇಜಿನ ಮೇಲಿಟ್ಟರು. "ಒಂದು ಹನಿಯಾದ್ರೂ ನೀರಿಗೆ ಬಿತ್ತೇನಮ್ಮಾ?"

"ಇಲ್ಲ ಸಾರ್."

"ಮತ್ತೆ ಯಾಕೆ ನಿಲ್ಲಿಸಿದ್ರಿ?"

"ಬೀಳೋಕೆ ಮುಂಚೆ ನಿಲ್ಲಿಸೋಕೇ ಅಲ್ವಾ ನನ್ನನ್ನ ಇಟ್ಕೊಂಡಿರೋದು? ಬಿದ್ದಮೇಲೆ ನಾನ್ಯಾಕೆ ಬೇಕು, ದಾರಿಹೋಕನೂ ನಿಲ್ಲಿಸ್ತಾನೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡೋ ಕೆಲಸ ನಂದಲ್ಲ."

ಸಾಹೇಬರು ಕುರ್ಚಿಗೆ ಒರಗಿದರು. ಕೆಟ್ಟವರೇನಲ್ಲ, ಅವರ ಮೇಲೂ ಯಾರೋ ಇದ್ದಾರೆ. "ನೋಡಿ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿಲ್ಲಿಸಿದ್ದನ್ನ ನಾನು ಹೇಗೋ ಸರಿಮಾಡ್ತೀನಿ. ಈ ಕೊನೇ ಸಾಲು ಇದೆಯಲ್ಲ, ನಾಳೆನೂ ನಿಲ್ಲಿಸ್ತೀನಿ ಅನ್ನೋದು, ಅದೊಂದನ್ನ ಹೊಡೆದುಹಾಕಿ. ಮನೆ ನಿಮ್ಮದೇ, ಜೆಟ್ಟಿನೂ ನಿಮ್ಮದೇ."

ಪೆನ್ನು ಮುಂದೆ ಚಾಚಿದರು. ಅತ್ತೆ ಕೈ ನೀಡಲಿಲ್ಲ.

"ಬರೆದವಳು ಇವಳು ಸಾರ್. ಇವಳನ್ನೇ ಕೇಳಿ," ಎಂದರು.

ನಾನು ಪೆನ್ನು ತೆಗೆದುಕೊಂಡೆ. ಒಂದು ಗೆರೆ ಎಳೆದರೆ ಜಗಲಿ ಉಳಿಯುತ್ತದೆ, ಯಂತ್ರ ಉಳಿಯುತ್ತದೆ, ಗಂಡನ ಮುಖ ಅರಳುತ್ತದೆ. ಅತ್ತೆ ಏನೂ ಹೇಳುವುದಿಲ್ಲ ಎಂದೂ ಗೊತ್ತಿತ್ತು. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಕನ್ನಡಕವಿಲ್ಲದ ಕಣ್ಣಿಗೆ ಕಿಟಕಿಯಲ್ಲಿ ಏನು ಕಂಡೀತು? ನನ್ನ ಕೈ ನೋಡಬಾರದೆಂದೇ ಆ ಕಡೆ ತಿರುಗಿದ್ದರು. ಮತ್ತೆ ನಂಬಿದ್ದರು ನನ್ನನ್ನು, ಪುಣ್ಯಾತ್ಗಿತ್ತಿ!

ಕೊನೆಯ ಸಾಲಿನ ಕೆಳಗೆ ಬರೆದೆ: "ಮೇಲಿನದನ್ನು ಬರೆದವಳು ನಾನು, ಅವರ ಸೊಸೆ. ಒಂದು ಅಕ್ಷರವನ್ನೂ ಹೊಡೆದುಹಾಕುವುದಿಲ್ಲ." ಅದರಡಿ ನನ್ನ ಸಹಿ ಹಾಕಿ, ಪತ್ರವನ್ನು ಸಾಹೇಬರ ಕಡೆ ತಳ್ಳಿದೆ.

"ಏನು ಬರೆದೆಯೇ?" ಎಂದರು ಅತ್ತೆ.

ಓದಿ ಹೇಳಿದೆ.

"ಮನೆ ಹೋಯ್ತಲ್ಲೇ," ಎಂದರು.

"ಹೋದರೆ ಹೋಗಲಿ ಏಳಿ ಅತ್ತೆ," ಎಂದು ಅವರ ಕೈ ಹಿಡಿದು ಎಬ್ಬಿಸಿದೆ. "ಸಾಮಾನು ಕಟ್ಟೋದು ಬಹಳ ಇದೆ."