ಕೋಚ್ ಸರ್ ಒಪ್ಪಿಕೊಂಡ ತಪ್ಪು

ನಮ್ಮ ಕೋಚ್ ಸರ್ ಬಲಗೈಯಲ್ಲಿ ನೆಟ್ಟಗಿದ್ದ ಬೆರಳು ಒಂದೂ ಇರಲಿಲ್ಲ. ಬಾಸ್ಕೆಟ್‌ಬಾಲ್ ಬಡಿದು ಬಡಿದು ಒಂದೊಂದೂ ಒಂದೊಂದು ಕಡೆಗೆ ಸೊಟ್ಟಗೆ ತಿರುಗಿತ್ತು. “ಅಲ್ಲಿ ಹೋಗಿ ನಿಲ್ಲು” ಎಂದು ಅವರು ಬೆರಳು ತೋರಿಸಿದರೆ ನಾವು ಹುಡುಗಿಯರು ದಿಕ್ಕಿಗೊಬ್ಬರಂತೆ ಓಡುತ್ತಿದ್ದೆವು.

ಪ್ರಾಯದ ದಿನಗಳನ್ನೆಲ್ಲ ಅವರು ಸಂಬಳಕ್ಕೆ ಆಡಿ ಕಳೆದವರು. ಒಂದು ವರ್ಷ ಬ್ಯಾಂಕಿನ ತಂಡ, ಮರುವರ್ಷ ಸಕ್ಕರೆ ಕಾರ್ಖಾನೆಯದು, ಆಮೇಲೆ ಯಾವುದೋ ಬಂದರಿನದು. ಎಲ್ಲ ಕಡೆಯೂ ಗುತ್ತಿಗೆ, ಕಾಯಂ ಎಲ್ಲೂ ಆಗಲಿಲ್ಲ. “ನಾನು ಬಾಡಿಗೆ ಎತ್ತು ಕಣ್ರಮ್ಮ. ಕರೆದೋರ ಹೊಲ ಉತ್ಕೊಂಡು ಬಂದೆ” ಎಂದು ನಗುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ, ಶಿಡ್ಲಘಟ್ಟದಲ್ಲಿ ಟೀಚರಾಗಿದ್ದ ಹೆಂಡತಿಯ ಜೊತೆ ಬಂದು ನೆಲೆಸಿ, ಸಂಜೆ ಹೊತ್ತು ನಮಗೆ ಆಟ ಕಲಿಸತೊಡಗಿದರು. ಬಾಸ್ಕೆಟ್ ತಪ್ಪಿದರೆ ಬೈಯುತ್ತಿರಲಿಲ್ಲ. ಬೆಂಚಿನ ಮೇಲೆ ಕೂತ ಹುಡುಗಿಯನ್ನು ಯಾರಾದರೂ ಹಂಗಿಸಿದರೆ ಮಾತ್ರ ಸಿಟ್ಟು ಬರುತ್ತಿತ್ತು. “ನನ್ ಅರ್ಧ ಆಯಸ್ಸು ಅಲ್ಲೇ ಕಳ್ದಿದೀನಿ. ಅದೂ ಆಟಾನೇ” ಎನ್ನುತ್ತಿದ್ದರು.

ಮೈದಾನದ ಪಕ್ಕ ಕೆರೆ, ಸಂಜೆಯಾದರೆ ಸೊಳ್ಳೆಗಳ ಕಾಟ. ಒಂದು ದಿನ, ಪಾಪ, ನಮ್ಮ ಮೇಲಿನ ಕನಿಕರಕ್ಕೆ ಕೋರ್ಟಿನ ಸುತ್ತ ಸೊಳ್ಳೆಬತ್ತಿ ಹಚ್ಚಿಟ್ಟರು. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಅದನ್ನು ಯಾರೂ ಹಚ್ಚುವುದಿಲ್ಲ, ಆ ಹೊಗೆ ಹುಳುವಿಗೆ ವಿಷ. ಊರೂರು ಸುತ್ತಿದ ಸರ್‌ಗೆ ಇದೊಂದು ಗೊತ್ತಿರಲಿಲ್ಲ. ನಾನೋ ದಿಬ್ಬೂರಹಳ್ಳಿ ಕಡೆಯ ನಮ್ಮ ಮನೆಗೆ ಬಂದು ಹಿಂದೆಮುಂದೆ ಯೋಚಿಸದೆ ಅದೇ ಬಟ್ಟೆಯಲ್ಲಿ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದೆ. ಇನ್ನೇನು ಗೂಡು ಕಟ್ಟಲಿದ್ದ ಹುಳುಗಳು ಮಾರನೆಯ ದಿನ ತಲೆಯೆತ್ತಿ ಒದ್ದಾಡಿ, ಹಸಿರು ಕಕ್ಕಿ ಸತ್ತವು. ಇಡೀ ಬೆಳೆ ತಿಪ್ಪೆಗೆ ಹೋಯಿತು.

ಅಪ್ಪ ನನ್ನ ಬಟ್ಟೆ ಮೂಸಿ ನೋಡಿ ನೇರ ಮೈದಾನಕ್ಕೆ ಹೋದರು. ಎಲ್ಲರ ಎದುರೇ ಕೂಗಾಡಿದರು. “ನಿನ್ ಆಟಕ್ಕೆ ಬೆಂಕಿ ಹಾಕ! ಕೈಗೆ ಬಂದ ಬೆಳೆ ಹಾಳ್ಮಾಡಿದ್ಯಲ್ಲಯ್ಯ! ನಾಳೆಯಿಂದ ನನ್ ಮಗಳು ಬರಲ್ಲ.” ಸರ್ ಬಲಗೈ ಮೇಲೆತ್ತಿದರು. ಆಟದಲ್ಲಿ ಫೌಲ್ ಮಾಡಿದವರು ಹಾಗೆ ಕೈ ಎತ್ತಿ ಒಪ್ಪಿಕೊಳ್ಳುತ್ತಾರೆ. “ತಪ್ಪು ನಂದೇ ಗೌಡ್ರೇ. ಮಗೂಗೆ ಆಟ ಬಿಡಿಸ್ಬೇಡಿ” ಎಂದರು.

ಮುಂದಿನ ಬೆಳೆ ಮುಗಿಯುವವರೆಗೂ ಸರ್ ಬೆಳಗಿನ ಬಸ್ಸಿಗೆ ಬಂದು, ಬಗ್ಗದ ಮಂಡಿ ಇಟ್ಟುಕೊಂಡು ನಮ್ಮ ತೋಟದಲ್ಲಿ ಸೊಪ್ಪು ಕೊಯ್ದರು. ಅಪ್ಪ ಬೇಡ ಅನ್ನಲಿಲ್ಲ. ಅಮ್ಮ ಕಾಫಿ ತಂದರೆ ಜಗುಲಿ ಹತ್ತದೆ ಅಂಗಳದಲ್ಲೇ ನಿಂತು ಕುಡಿಯುತ್ತಿದ್ದರು. ನನ್ನ ಆಟ ಉಳಿಯಿತು. ನಾನಿವತ್ತು ಚಿಕ್ಕಬಳ್ಳಾಪುರದಲ್ಲಿ ಪಿ.ಟಿ. ಟೀಚರಾಗಿರುವುದು ಆ ಆಟದಿಂದಲೇ. ಆದರೆ ಎಷ್ಟೋ ವರ್ಷ ಕಳೆದರೂ ಅಪ್ಪ ಪೇಟೆಯಲ್ಲಿ ಎದುರಾದರೆ ಸರ್ ಕಳ್ಳನ ಹಾಗೆ ಪಕ್ಕದ ಗಲ್ಲಿಗೆ ತಿರುಗಿಬಿಡುತ್ತಿದ್ದರು. ಕೋರ್ಟಿನಲ್ಲಿ ಯಾರಿಗೂ ಜಗ್ಗದ ಮನುಷ್ಯ!

ಹೋದ ವರ್ಷ ಅವರು ತೀರಿಕೊಂಡರು. ತಿಥಿಯ ಊಟಕ್ಕೆ ಅಪ್ಪನೂ ನಾನೂ ಹೋಗಿ ಪಂಕ್ತಿಯಲ್ಲಿ ಕೂತಿದ್ದೆವು. ಸರ್ ಅವರ ಹೆಂಡತಿ ಎದುರಿಗೆ ಬಂದು, ನೆಂಟರಿಗೆ ಅಪ್ಪನನ್ನು ತೋರಿಸಿ, “ಇವ್ರೇ ಗೌಡ್ರು. ನಮ್ಮೋರಿಂದ ಬೆಳೆ ಕಳ್ಕೊಂಡ್ರೂ ಮಗಳನ್ನ ಆಟಕ್ಕೆ ಕಳ್ಸಿದ್ರು. ಅಂಥ ದೊಡ್ಡ ಮನಸ್ಸು” ಎಂದರು.

ಅಪ್ಪನ ಕೈ ಎಲೆಯ ಮೇಲೇ ನಿಂತಿತು.

“ಇಲ್ಲಮ್ಮ. ಹೊಗೆಯಿಂದ ಹೋಗಿದ್ದಲ್ಲ ಅದು. ಪಕ್ಕದ ದ್ರಾಕ್ಷಿ ತೋಟದೋರು ಹೊಡೆದ ಔಷಧಿ ಗಾಳಿಗೆ ನಮ್ ಸೊಪ್ಪಿನ ಮೇಲೆ ಬಿದ್ದಿತ್ತು. ವಾರದೊಳಗೇ ನಂಗೆ ಗೊತ್ತಾಯ್ತು. ಅಷ್ಟು ಜನರ ಮುಂದೆ ಬೈದ್ಬಿಟ್ಟಿದ್ದೆ... ಹೇಳೋಕೆ ಬಾಯಿ ಬರ್ಲಿಲ್ಲ.”

ನನಗೂ ಆವತ್ತೇ ಗೊತ್ತಾಗಿದ್ದು. ಸರ್ ನಮ್ಮ ತೋಟದಲ್ಲಿ ಕುಂಟುತ್ತ ಸೊಪ್ಪು ಕೊಯ್ಯುವಾಗ ಅಪ್ಪ ಎಲ್ಲ ತಿಳಿದೂ ನೋಡುತ್ತ ನಿಂತಿದ್ದರು.

“ನಮ್ಮೋರಿದ್ದಾಗ ಒಂದ್ಮಾತು ಹೇಳ್ಬಾರ್ದಿತ್ತಾ ಗೌಡ್ರೇ?” ಎಂದರು ಆಕೆ. ಅಪ್ಪ ಏಳಲು ಹೋದರು. “ಎಲೆ ಬಿಟ್ಟು ಏಳ್ಬೇಡಿ. ಊಟ ಮಾಡಿ.”

ಅಪ್ಪ ತಲೆ ತಗ್ಗಿಸಿಕೊಂಡು ಊಟ ಮಾಡಿದರು. ಪಕ್ಕದಲ್ಲಿ ನಾನೂ ಮಾಡಿದೆ. ಅಷ್ಟು ನಾಚಿಕೆಯಿಂದ ನಾನು ಎಂದೂ ಅನ್ನ ಉಂಡಿಲ್ಲ.