ಮಾವನವರ ಮುಖಕ್ಕೊಂದು ಫ್ರೇಮು

ಕಳೆದ ವಾರ ಕನ್ನಡಕ ಬದಲಿಸಲು ಚಿಕ್ಕೋಡಿಗೆ ಹೋಗಿದ್ದೆ. ಅಂಗಡಿಯ ಹುಡುಗಿ ಹೊಸ ಫ್ರೇಮಿನ ಕಡ್ಡಿಯನ್ನು ಬಿಸಿಗಾಳಿ ಊದುವ ಯಂತ್ರದ ಮುಂದೆ ಹಿಡಿದಳು. ಕಾದ ಪ್ಲಾಸ್ಟಿಕ್ಕಿನ ಸಣ್ಣ ವಾಸನೆಯೊಂದು ಎದ್ದಿತು. ಬೇರೆಯವರಿಗೆ ಮಲ್ಲಿಗೆಯ ವಾಸನೆಗೋ ಒಗ್ಗರಣೆಯ ವಾಸನೆಗೋ ಹಳೆಯ ದಿನಗಳು ನೆನಪಾಗುತ್ತವಂತೆ. ನನ್ನ ಹಣೆಬರಹ ನೋಡಿ, ನನಗೆ ಪ್ಲಾಸ್ಟಿಕ್ ಕಾದರೆ ನೆನಪಾಗುತ್ತದೆ. ನೆನಪಾದವರು ನನ್ನ ಮಾವನವರು.

ಅಂಕಲಿಯ ಬಾಳಪ್ಪ ಪೈಲ್ವಾನರೆಂದರೆ ಒಂದು ಕಾಲದಲ್ಲಿ ಕೃಷ್ಣಾ ನದಿಯ ಎರಡೂ ದಂಡೆಯವರಿಗೆ ಗೊತ್ತಿತ್ತು. ನಾನು ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಅಷ್ಟು ಹೊತ್ತಿಗೆ ಅವರು ಕುಸ್ತಿ ಆಡುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಆದರೆ ಕುಸ್ತಿ ಅವರ ಮುಖವನ್ನು ಬಿಟ್ಟಿರಲಿಲ್ಲ. ಪೈಲ್ವಾನರ ಕಿವಿಯನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ಎದುರಾಳಿಯ ತಲೆಗೆ, ಮೊಣಕೈಗೆ, ಕಣದ ಮಣ್ಣಿಗೆ ಉಜ್ಜಿ ಉಜ್ಜಿ ಒಳಗೆ ರಕ್ತ ಹೆಪ್ಪುಗಟ್ಟಿ, ಕಿವಿ ಎನ್ನುವುದು ಹಿಸುಕಿದ ಬೆಲ್ಲದ ಉಂಡೆಯಂತಾಗುತ್ತದೆ. ಮಾವನವರ ಎರಡೂ ಕಿವಿ ಹಾಗಿದ್ದವು. ಮೂಗು ಎರಡು ಸಲ ಮುರಿದು ಎಡಕ್ಕೆ ವಾಲಿತ್ತು. ಮುಖದ ಅಗಲವಂತೂ ಕೇಳಬೇಡಿ. ಅತ್ತೆ ಅವರಿಗೆ ರೊಟ್ಟಿ ಬಡಿಯುವಾಗ ಮುಖ ನೆನೆದೇ ಬಡಿಯುತ್ತಾರೇನೋ ಎಂದು ನನಗೆ ಅನಿಸುತ್ತಿತ್ತು.

ಇನ್ನು ನನ್ನ ವಿಷಯ. ನಾನು ಅಥಣಿಯವಳು, ಏಳನೆಯ ಇಯತ್ತೆಯಿಂದ ಚಷ್ಮಾ ಹಾಕಿದವಳು. ನನ್ನ ಅಣ್ಣ ತಂದುಕೊಟ್ಟಿದ್ದ ದಪ್ಪ ಕಪ್ಪು ಫ್ರೇಮು ಸದಾ ಮೂಗಿನ ತುದಿಗೆ ಜಾರಿ ಬಂದು, ನಾನು ಹದಿನಾರನೆಯ ವಯಸ್ಸಿಗೇ ನಿವೃತ್ತ ಹೆಡ್‌ಮಾಸ್ತರರಂತೆ ಕಾಣುತ್ತಿದ್ದೆ. ಕನ್ಯೆ ನೋಡಲು ಬಂದ ಮೊದಲ ಇಬ್ಬರು ಚಷ್ಮಾ ನೋಡಿಯೇ ಉಪ್ಪಿಟ್ಟು ತಿಂದು ಎದ್ದುಹೋದರು. ಮೂರನೆಯವರು ಬಂದಾಗ ಅವ್ವ ಚಷ್ಮಾ ಕಸಿದಿಟ್ಟುಕೊಂಡಳು. ಹೀಗಾಗಿ ಗಂಡನನ್ನು ನಾನು ಮೊದಲು ನೋಡಿದ್ದು ಒಂದು ಬಿಳಿಯ ಮಬ್ಬಾಗಿ. ಮದುವೆಯ ಮರುದಿನ ಚಷ್ಮಾ ಹೊರಬಂತು. ಬೀಗರ ಹೆಂಗಸರಲ್ಲಿ ಗುಸುಗುಸು ಶುರುವಾಯಿತು. ಆಗ ಮಾವನವರು ಪಡಸಾಲೆಯಿಂದಲೇ ಅಂದರು: "ಚಷ್ಮಾ ಹಾಕ್ಯಾಳ ಅಂದ್ರ ನಾಕ ಅಕ್ಷರ ಓದ್ಯಾಳ ಅಂತ. ಸುಮ್ಕಿರ್ರಿ."

ಊರಲ್ಲಿ ಅವರಿಗೆ ಒಂದು ಕೆಟ್ಟ ಹೆಸರಿತ್ತು, ಸೊಕ್ಕಿನ ಪೈಲ್ವಾನ ಎಂದು. ಎದುರಿಗೆ ಬಂದವರು ದೂರದಿಂದ ಕೈಯೆತ್ತಿ ನಮಸ್ಕಾರ ಮಾಡಿದರೆ ಅವರು ನೇರ ನೋಡುತ್ತ ಹೋಗಿಬಿಡುತ್ತಿದ್ದರು. "ದೊಡ್ಡಮನಷ್ಯಾ, ನಮ್ಮನ್ನ ಯಾಕ ನೋಡ್ತಾನ" ಎಂದು ಮಂದಿ ಅನ್ನುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ಅವರು ಕುಸ್ತಿ ಬಿಟ್ಟ ಮೇಲೆ ಸುತ್ತಲಿನ ಊರುಗಳವರು ಅವರನ್ನು ಪಂಚರಾಗಿ ಕರೆಯುತ್ತಿದ್ದರು. ಪಂಚರೆಂದರೆ ಕಣದೊಳಗೆ ನಿಂತು ಯಾರು ಗೆದ್ದರೆಂದು ಹೇಳುವವರು. ಸೋತವನ ಎರಡೂ ಭುಜ ಮಣ್ಣಿಗೆ ಹತ್ತಿದರೆ ಚಿತ್, ಕುಸ್ತಿ ಮುಗಿಯಿತು. ಒಂದೇ ಭುಜ ಹತ್ತಿದರೆ ಮುಂದುವರಿಯಬೇಕು. ನಾನು ಬಂದ ವರ್ಷವೇ ಅವರು ಮುಗಳಖೋಡದ ಕುಸ್ತಿಯಿಂದ ಮುಖ ಸಣ್ಣದು ಮಾಡಿಕೊಂಡು ಬಂದರು. ಆಮೇಲೆ ಯಾವ ಊರವರು ಬಂದರೂ "ಮೊಣಕಾಲ ನೋಯತಾವ" ಎಂದು ಕಳಿಸಿಬಿಡುತ್ತಿದ್ದರು. ಅದೇ ಮೊಣಕಾಲಿನಿಂದ ಮುಂಜಾನೆ ನೂರು ಬೈಠಕ್ ಹೊಡೆಯುವುದನ್ನು ನಾನು ಕಾಣುತ್ತಿದ್ದೆ.

ಒಂದು ಮಧ್ಯಾಹ್ನ ಮುಖ ತೊಳೆಯಲು ಚಷ್ಮಾ ತೆಗೆದು ಗೋಡೆಯ ಮಾಡದಲ್ಲಿ ಇಟ್ಟಿದ್ದೆ. ಬಂದು ನೋಡಿದರೆ ಇಲ್ಲ. ತಡವರಿಸುತ್ತ ಹೊರಗೆ ಬಂದೆ. ಕಟ್ಟೆಯ ಮೇಲೆ ಮಾವನವರು ನಿಂತಿದ್ದರು. ನನ್ನ ಚಷ್ಮಾವನ್ನು ಎರಡೂ ಕೈಯಿಂದ ಕಣ್ಣಿಗೆ ಒತ್ತಿ ಹಿಡಿದು ಎದುರಿನ ಗೋಡೆ ನೋಡುತ್ತಿದ್ದರು. ಕಡ್ಡಿಗಳು ಅವರ ಕಿವಿಗೆ ಮುಟ್ಟುವುದೇ ಸಾಧ್ಯವಿರಲಿಲ್ಲ.

"ಯವ್ವಾ, ಆ ಗ್ವಾಡಿ ಮ್ಯಾಲ ಅಕ್ಷರ ಯಾವಾಗ ಬರದ್ರು?" ಎಂದರು.

ಅದು ಗೊಬ್ಬರದ ಜಾಹೀರಾತು. ನಾನು ಮದುವೆಯಾಗಿ ಬರುವ ಮೊದಲೇ ಇತ್ತು. ಹಾಗೆಂದು ಹೇಳಿದೆ. ಅವರು ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಅವರಿಗೆ ಹುಟ್ಟಿದಾಗಿನಿಂದಲೂ ದೂರದ್ದು ಕಾಣುತ್ತಿರಲಿಲ್ಲವೇನೋ. ಲೋಕ ಇರುವುದೇ ಹೀಗೆ ಮಬ್ಬಾಗಿ ಎಂದು ಅವರು ತಿಳಿದಿದ್ದರು. ಕುಸ್ತಿಯಲ್ಲಿ ಎದುರಾಳಿ ತೋಳಿನಳತೆಯಲ್ಲಿ ಇರುತ್ತಾನೆ. ಕಣ್ಣಿಗಿಂತ ಕೈಗೆ ಹೆಚ್ಚು ಗೊತ್ತಾಗುತ್ತದೆ. ದೂರ ನಿಂತು ನೋಡುವ ಕೆಲಸ ಬಂದದ್ದು ಪಂಚರಾದ ಮೇಲೆ.

"ಮುಗಳಖೋಡದಾಗ ನಾ ಕೊಟ್ಟ ತೀರ್ಪ ಸುಳ್ಳ ಇತ್ತ ಯವ್ವಾ," ಎಂದರು. "ಅಲಖನೂರದ ಸಿದ್ದು ಅಂತ ಒಬ್ಬ ಹುಡುಗ, ಕೊಲ್ಲಾಪುರದ ತಾಲೀಮಿನವನ ಕೂಡ ಕುಸ್ತಿ ಹಿಡದಿದ್ದ. ಬಿದ್ದ. ಭುಜ ಹತ್ತಿತೋ ಇಲ್ಲೋ ನನಗ ಕಾಣಲಿಲ್ಲ. ಮಂದಿ ಹೋ ಅಂದ್ರು. ನಾ ಕೊಲ್ಲಾಪುರದವನ ಕೈ ಎತ್ತಿದೆ. ಆ ಹುಡುಗ ಎದ್ದಾಗ ಅವನ ಬೆನ್ನ ನೋಡಿದೆ. ಒಂದ ಬಾಜೂಕ ಅಷ್ಟ ಮಣ್ಣ ಹತ್ತಿತ್ತು."

ಇದನ್ನು ಅವರು ಯಾರಿಗೂ, ಅತ್ತೆಗೂ ಹೇಳಿರಲಿಲ್ಲ. ನನಗೆ ಹೇಳಿದ್ದು ನಾನು ಜಾಣೆ ಎಂದಲ್ಲ, ಚಷ್ಮಾದವಳು ಎಂದು.

ಮರುವಾರವೇ ಹುಡುಕಾಟ ಶುರುವಾಯಿತು. ಚಿಕ್ಕೋಡಿಯಲ್ಲಿ ಎರಡು ಅಂಗಡಿ ನೋಡಿದೆವು. ಕಣ್ಣಿನ ನಂಬರು ಸಿಕ್ಕಿತು, ಮುಖಕ್ಕೆ ಹೊಂದುವ ಫ್ರೇಮು ಸಿಗಲಿಲ್ಲ. ಒಂದು ಫ್ರೇಮು ಅವರ ಹಣೆಯ ಅಗಲಕ್ಕೆ ತೆರೆಯುವ ಮೊದಲೇ ಟಕ್ ಎಂದು ಮುರಿಯಿತು. ಇನ್ನೊಂದು ಕಿವಿಯ ಹಿಂದೆ ಕೊಕ್ಕೆಯಂತೆ ಸುತ್ತುವ ತಂತಿಯದು. ಆ ಕಿವಿಗೆ ಕೊಕ್ಕೆ ಹಾಕುವುದೆಂದರೆ ಗಾಯಕ್ಕೆ ದಾರ ಕಟ್ಟಿದಂತೆ. ಅತ್ತೆ ದಾರ ಪೋಣಿಸಿ ತಲೆಗೆ ಕಟ್ಟಿಕೊಡುತ್ತೇನೆ ಎಂದರು. ಮಾವನವರು "ಬ್ಯಾಡ ಬಿಡ್ರಿ. ಚಷ್ಮಾ ಮಾಡಾವ್ರು ಪೈಲ್ವಾನರನ್ನ ನೋಡೇ ಇಲ್ಲ" ಎಂದು ಕೈ ಚೆಲ್ಲಿದರು. ಆದರೆ ನಾನೂ ಹಟಮಾರಿ. ನಿಪ್ಪಾಣಿಯಲ್ಲಿ ದಸ್ತಗೀರ ಚಾಚಾ ಎಂಬವರಿದ್ದಾರೆ, ಮುಖಕ್ಕೆ ತಕ್ಕಂತೆ ಫ್ರೇಮು ತಿದ್ದುತ್ತಾರೆ ಎಂದು ಕೇಳಿ, ಮಾವನವರನ್ನು ಬಸ್ಸು ಹತ್ತಿಸಿದೆ.

ತಂಬಾಕಿನ ಘಾಟು ತುಂಬಿದ ಪೇಟೆಯ ಒಂದು ಸಂದಿಯಲ್ಲಿ ಚಾಚಾನ ಅಂಗಡಿ. ಬಿಳಿ ಗಡ್ಡದ ಸಣ್ಣ ಮನುಷ್ಯ. ಮಾವನವರು ಒಳಗೆ ಬಂದಾಗ ಬಾಗಿಲಿನ ಬೆಳಕು ನಿಂತುಹೋಯಿತು. ಚಾಚಾ ಫ್ರೇಮು ತೋರಿಸಲಿಲ್ಲ. ಮೊದಲು ಎದ್ದು ಬಂದು ಅವರ ಕಿವಿಯ ಹಿಂದೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಮೂಗನ್ನು ಎರಡು ಬೆರಳಲ್ಲಿ ಹಿಡಿದು ಅದರ ವಾಲು ಅಳೆದರು. ಮಾವನವರ ಮೂಗು ಹಿಡಿಯುವ ಧೈರ್ಯ ಕಣದ ಹೊರಗೆ ಯಾರೂ ಮಾಡಿರಲಿಲ್ಲ.

"ಪೈಲ್ವಾನ್ ಸಾಹೇಬ್ರ, ನಿಮ್ಮ ಮುಖದಾಗ ತಪ್ಪಿಲ್ರಿ," ಎಂದರು ಚಾಚಾ. "ಮುಖಾ ನೋಡಿ ಫ್ರೇಮ್ ಆರಿಸಬೇಕು. ಮಂದಿ ಫ್ರೇಮ್ ನೋಡಿ ಮುಖಾ ತರತಾರ."

ಆಮೇಲೆ ನನ್ನ ಕಡೆ ತಿರುಗಿ, "ಬೇಟಿ, ನಿನ್ನ ಚಷ್ಮಾನೂ ನಿಂದಲ್ಲ. ಯಾರೋ ಗಂಡಸಿಂದು ಹಾಕ್ಕೊಂಡೀದಿ," ಎಂದರು. ಹತ್ತು ವರ್ಷದಿಂದ ನನ್ನ ಮೂಗೇ ಸರಿಯಿಲ್ಲ ಎಂದುಕೊಂಡಿದ್ದೆ ನಾನು.

ಕಪಾಟಿನ ಮೇಲಿನ ಪೆಟ್ಟಿಗೆಯಿಂದ ಮೂರು ಫ್ರೇಮು ತೆಗೆದರು. ಆರಿಸುವ ಕೆಲಸ ನನಗೆ ಬಿತ್ತು, ಏಕೆಂದರೆ ಮಾವನವರಿಗೆ ಕನ್ನಡಿಯಲ್ಲಿ ತಮ್ಮ ಮುಖವೇ ಸ್ಪಷ್ಟವಿರಲಿಲ್ಲ. ಚಿನ್ನದ ಬಣ್ಣದ್ದು ಅವರನ್ನು ಸಾವುಕಾರನಂತೆ ಮಾಡಿತು. ಕಪ್ಪನೆಯ ಚೌಕದ್ದು ಪೊಲೀಸನಂತೆ. ಮೂರನೆಯದು ಪರದೇಶದ್ದು, ಹುಣಸೆ ಬೀಜದ ಕಂದು, ನಡುನಡುವೆ ಜೇನಿನ ಬಣ್ಣದ ಎಳೆ. ಕೈಯಲ್ಲಿ ಹಿಡಿದರೆ ತೂಕ ಎರಡೂ ಕಡೆ ಸಮ. ಕಡ್ಡಿಯನ್ನು ತೆರೆದರೆ ಕೀಲು ಬಾಗಿಲಿನಂತೆ ಸದ್ದಿಲ್ಲದೆ ತಿರುಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು. ಮುಂಬಯಿಯ ವ್ಯಾಪಾರಿಯೊಬ್ಬ ಕೊಟ್ಟುಹೋದದ್ದಂತೆ. ಯಾರಿಗೆ ಹಾಕಿದರೂ ಅಗಲವಾಗಿ ಜಾರಿ ಬೀಳುತ್ತಿತ್ತಂತೆ. "ಭಾಳ ವರ್ಷ ಆತು, ಇದಕ್ಕೊಂದ ಮುಖಾ ಸಿಕ್ಕಿಲ್ಲ" ಎಂದರು ಚಾಚಾ. ಮಾವನವರ ಮುಖದ ಮೇಲೆ ಅದನ್ನಿಟ್ಟಾಗ ಅಗಲಕ್ಕೆ ಸರಿಯಾಗಿ ಕೂತಿತು. ಹುಬ್ಬಿನ ಗೆರೆಯನ್ನೇ ಹಿಡಿದು ಫ್ರೇಮಿನ ಮೇಲಂಚು ಸಾಗಿತ್ತು. ಒಡೆದು ಕೂಡಿಸಿದ ಆ ಮುಖಕ್ಕೆ ಯಾರೋ ಚೌಕಟ್ಟು ಹಾಕಿ ಗೌರವ ಕೊಟ್ಟಂತೆ ಕಂಡಿತು. "ಇದ ಇರಲಿ" ಎಂದೆ.

ನಿಜವಾದ ಕೆಲಸ ಆಗ ಶುರುವಾಯಿತು. ಚಾಚಾ ತಟ್ಟೆಯಲ್ಲಿ ಮರಳು ಕಾಯಿಸಿದರು. ಕಡ್ಡಿಗಳನ್ನು ಬಿಸಿ ಮರಳಲ್ಲಿ ಹೂಳಿ, ಮೆತ್ತಗಾದೊಡನೆ ಬಾಗು ತೆಗೆದು ನೆಟ್ಟಗೆ ಮಾಡಿದರು. ಕಿವಿಯನ್ನು ನಂಬದೆ ಕಿವಿಯ ಹಿಂದಿನ ಎಲುಬನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯಬೇಕು ಎನ್ನುವುದು ಅವರ ಲೆಕ್ಕ. ಫ್ರೇಮು ಮೂಗಿನ ಮೇಲೆ ಕೂಡ್ರುವಲ್ಲಿ ಬಲಬದಿಗೆ ಅದೇ ಬಣ್ಣದ ಒಂದು ಚೂರು ಅಂಟಿಸಿದರು, ಎಡಬದಿಯನ್ನು ಅರದಿಂದ ತೀಡಿದರು. ಹಾಕುವುದು, ನೋಡುವುದು, ತೆಗೆಯುವುದು, ತೀಡುವುದು. ಎರಡು ತಾಸು ಕಳೆಯಿತು.

"ತಲಿ ಅಲ್ಲಾಡಸ್ರಿ." ಅಲ್ಲಾಡಿಸಿದರು. ನಿಂತಿತು. "ಬಗ್ಗರಿ." ಬಗ್ಗಿದರು. ನಿಂತಿತು. "ಈಗ ನಗ್ರಿ. ನಕ್ಕಾಗ ಗಲ್ಲ ಫ್ರೇಮಿಗಿ ತಾಗಬಾರದು."

ಮಾವನವರಿಗೆ ಹೇಳಿದಾಗ ನಗಲು ಬರುವುದಿಲ್ಲ. ಹಲ್ಲು ತೋರಿಸಿದರು. "ಇದು ಸಿಟ್ಟ ರೀ, ನಗಿ ಅಲ್ಲ" ಎಂದರು ಚಾಚಾ. ಆಗ ಅವರಿಗೆ ಖರೆ ನಗು ಬಂತು. ಭುಜ ಕುಣಿಯುವಂತೆ ನಕ್ಕರು. ಫ್ರೇಮು ಅಲುಗಲಿಲ್ಲ. ನಕ್ಕವರು ಧೋತರ ಮೇಲಕ್ಕೆ ಕಟ್ಟಿ, ಅಂಗಡಿಯ ನೆಲಕ್ಕೆ ಅಂಗೈ ಊರಿ ದಂಡ ಹೊಡೆಯತೊಡಗಿದರು. ಬಾಗಿಲಲ್ಲಿ ಜನ ಸೇರಿದರು. "ಮಸ್ತ ದಿಸ್ತಂಯ, ಪೈಲವಾನ" ಎಂದ ಒಬ್ಬ ಮರಾಠಿಯಲ್ಲಿ, ಬಹಳ ಚಂದ ಕಾಣುತ್ತದೆ ಎಂದು. ಇಪ್ಪತ್ತನೆಯ ದಂಡಕ್ಕೂ ಫ್ರೇಮು ಇದ್ದಲ್ಲೇ ಇತ್ತು. ನನಗೂ ಒಂದು ಹಗುರ ಫ್ರೇಮು ಸಿಕ್ಕಿತು ಎನ್ನುವುದನ್ನು ಹೇಳದಿದ್ದರೆ ಚಾಚಾಗೆ ಅನ್ಯಾಯವಾದೀತು.

ಗಾಜು ಕೂಡಿಸಿದ ಮೇಲೆ ಎರಡನೆಯ ಸಲ ಹೋಗಿ ಹಾಕಿಕೊಂಡು ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಮಾವನವರು ನಿಂತೇ ಇದ್ದರು, ಕೂಡ್ರಲಿಲ್ಲ. "ರಾಯಬಾಗ... ಸಂಕೇಶ್ವರ... ಕಾಗವಾಡ..." ಎಂದು ದೂರದಲ್ಲಿ ಬರುವ ಬಸ್ಸಿನ ಬೋರ್ಡುಗಳನ್ನೆಲ್ಲ ಓದಿದರು. ಆಚೆ ಬದಿಯಲ್ಲಿ ಅಂಕಲಿಯ ಒಬ್ಬ ನಿಂತಿದ್ದ. ಮಾವನವರೇ ಮೊದಲು ಕೈ ಎತ್ತಿದರು. ಆ ಮನುಷ್ಯ ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಎಂದು. "ಸೊಕ್ಕ ಅಂತಿದ್ರಲ್ಲ ನನಗ," ಎಂದರು ಮಾವನವರು ನನಗೆ, "ಪಾಪ, ಇವ್ರೆಲ್ಲ ಇಷ್ಟ ದಿನಾ ಕೈ ಎತ್ತಾಕತ್ತಿದ್ರು."

ಮುಂದಿನ ವರ್ಷದ ಕುಸ್ತಿ ಹಂಗಾಮಿಗೆ ಮುಗಳಖೋಡದವರು ಮತ್ತೆ ಕರೆಯಲು ಬಂದರು. ಈ ಸಲ ಮೊಣಕಾಲು ನೋಯಲಿಲ್ಲ. "ಫ್ರೇಮ್ ಆರಿಸಿದಾಕಿ ನೀ. ನೀನೂ ನಡಿ" ಎಂದರು. ಹೆಂಗಸರು ಕಣದ ಹತ್ತಿರ ಹೋಗುವ ರೂಢಿಯಿರಲಿಲ್ಲ. ಕಣದ ಮಗ್ಗುಲಿಗೇ ನಮ್ಮ ಬಳಗದವರ ಮನೆ. ಅದರ ಮಾಳಿಗೆಯ ಮೇಲೆ ನಾನೂ ಅತ್ತೆಯೂ ಕುಳಿತೆವು.

ಕಣದಲ್ಲಿ ಚಷ್ಮಾ ಹಾಕಿದ ಪೈಲ್ವಾನನನ್ನು ಜನ ನೋಡಿರಲಿಲ್ಲ. "ಪಂಚರು ಮಾಸ್ತರ ಆಗ್ಯಾರಲೇ" ಎಂದು ಯಾರೋ ಕೂಗಿದ. ನಗೆ ಹಬ್ಬಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಕೊನೆಯ ಜೋಡಿಯೆಂದು ಸಿದ್ದು ಮತ್ತು ಅದೇ ಕೊಲ್ಲಾಪುರದವನನ್ನು ಕರೆದಾಗ ಮಾವನವರು ಮೈಕಿನ ಹತ್ತಿರ ಹೋದರು.

"ನಗ್ರಿ, ತಪ್ಪಿಲ್ಲ," ಎಂದರು. "ಆದ್ರ ಒಂದ ಮಾತ ಕೇಳ್ರಿ. ಹೋದ ವರ್ಷ ಈ ಹುಡುಗ ಬಿದ್ದಿರಲಿಲ್ಲ. ನನಗ ಕಣ್ಣ ಕಾಣತಿರಲಿಲ್ಲ, ನಿಮ್ಮ ಗದ್ದಲಾ ಕೇಳಿ ಕೈ ಎತ್ತಿದೆ. ತಪ್ಪ ನಂದು. ಇವತ್ತ ಕಾಣತೈತಿ."

ನಗು ನಿಂತಿತು. ಹಲಗೆ ಬಡಿಯುವವರೂ ನಿಲ್ಲಿಸಿದರು. ಇಷ್ಟು ಜನದ ಮುಂದೆ ಮಾವನವರು ಸೋತದ್ದನ್ನು ನಾನು ಕೇಳಿರಲಿಲ್ಲ. ಅದು ಸೋಲಿನಂತೆ ಕಾಣಲೂ ಇಲ್ಲ.

ಕುಸ್ತಿ ಶುರುವಾಯಿತು. ಈಗ ಜನರೆಲ್ಲ ಸಿದ್ದುವಿನ ಕಡೆ. ಸ್ವಲ್ಪ ಹೊತ್ತಿಗೇ ಸಿದ್ದು ಎದುರಾಳಿಯನ್ನು ಎತ್ತಿ ಒಗೆದು ಮೇಲೆ ಬಿದ್ದ. ಊರಿಗೆ ಊರೇ ಎದ್ದು ಕೂಗಿತು. ತಲೆಗೆ ಸುತ್ತಿದ ಪಟಕಾಗಳು ಮೇಲೆ ಹಾರಿದವು. ಮಾವನವರು ಹೊಟ್ಟೆಯ ಮೇಲೆ ಮಲಗಿ, ಗಲ್ಲವನ್ನು ಮಣ್ಣಿಗೆ ತಾಗಿಸಿ ನೋಡಿದರು. ಬೆವರು ಇಳಿಯುತ್ತಿತ್ತು. ನಾನು ಮಾಳಿಗೆಯ ಮೇಲೆ ನನ್ನದೇ ಮೂಗನ್ನು ಒತ್ತಿ ಹಿಡಿದು ಕುಳಿತಿದ್ದೆ, ಅವರ ಫ್ರೇಮು ಜಾರದಿರಲಿ ಎಂದು. ಅದು ಕೂದಲೆಳೆಯಷ್ಟೂ ಜಾರಲಿಲ್ಲ.

ಅವರು ಎದ್ದು ಕೈ ಅಲ್ಲಾಡಿಸಿದರು. "ಆಗಿಲ್ಲ. ಎಡಗಡೆ ಭುಜ ಹತ್ತಿಲ್ಲ. ನಡೀಲಿ."

ಹಿಂದಿನ ವರ್ಷ ಅನ್ಯಾಯ ಮಾಡಿದವರು ಈ ವರ್ಷ ಅದೇ ಹುಡುಗನ ಗೆಲುವನ್ನು ತಡೆದಿದ್ದರು. ಜನ ಬೈದರು. ಸಿದ್ದು ಕೂಡ ತಲೆ ಎತ್ತಿ ಅವರ ಮುಖ ನೋಡಿದ. ಮಾವನವರು ಕಣ್ಣು ತಪ್ಪಿಸಲಿಲ್ಲ. ಸಿದ್ದು ಏನು ಕಂಡನೋ, ಮತ್ತೆ ಹಿಡಿತ ಬಿಗಿದ. ಕೊಲ್ಲಾಪುರದವನು ಸುಲಭದವನಲ್ಲ, ಉರುಳಿ ಎದ್ದ. ಇನ್ನಷ್ಟು ಹೊತ್ತು ಜಗ್ಗಾಡಿದರು. ಕೊನೆಗೆ ಸಿದ್ದು ಅವನನ್ನು ಕಾಲಲ್ಲಿ ಸಿಗಿಸಿ ಕೆಡವಿ, ಎರಡೂ ಭುಜವನ್ನು ಮಣ್ಣಿಗೆ ಅಚ್ಚೊತ್ತಿದಂತೆ ಒತ್ತಿದ. ಮಾವನವರು ಒಂದೇ ಸಲ ನೋಡಿ ಸಿದ್ದುವಿನ ಕೈ ಎತ್ತಿದರು. ಕೊಲ್ಲಾಪುರದವನು ಕೂಡ ಎದ್ದು ತಲೆಬಾಗಿಸಿದ, ತಕರಾರಿರಲಿಲ್ಲ.

ಆಗ ಎದ್ದ ಕೂಗನ್ನು ಬರೆದು ತೋರಿಸಲು ನನಗೆ ಬರುವುದಿಲ್ಲ. ಅತ್ತೆ ಸೆರಗು ತೆಗೆದು ಎದ್ದು ನಿಂತುಬಿಟ್ಟಿದ್ದರು. ಸಿದ್ದು ಮಾವನವರ ಕಾಲು ಮುಟ್ಟಿ ಅಂದದ್ದನ್ನು ಅವರೇ ಆಮೇಲೆ ನಮಗೆ ಹೇಳಿದರು: "ಮೊದಲ ಸಲ ಕೆಡವಿದ್ದಕ್ಕ ಕೈ ಎತ್ತಿದ್ರ ಬರೇ ಗೆದ್ದಾಂಗ ಆಗ್ತಿತ್ರಿ. ಈಗ ಖರೇನ ಗೆದ್ದೆ."

ಅದಾದ ಮೇಲೆ ಮಾವನವರು ಬಹಳ ವರ್ಷ ಪಂಚರಾಗಿದ್ದರು. ಗಾಜು ಎರಡು ಸಲ ಬದಲಾಯಿತು, ಫ್ರೇಮು ಒಂದೇ. ಅವರು ತೀರಿಹೋಗಿ ಈಗ ಬಹಳ ವರ್ಷವಾಯಿತು. ಮೊನ್ನೆ ರಾಯಬಾಗದಲ್ಲಿ ಒಂದು ಮದುವೆಗೆ ಹೋಗಿದ್ದೆ. ಕೂಡ್ರಲು ಜಾಗವಿರಲಿಲ್ಲ. ಕುರ್ಚಿಯಲ್ಲಿದ್ದ ಹಿರಿಯರೊಬ್ಬರು, "ಯಾರ ಪೈಕಿ ಆತ್ರಿ ತಾವು?" ಎಂದು ಕೇಳಿದರು. ಗಂಡನ ಹೆಸರು ಹೇಳಿದೆ, ಗೊತ್ತಾಗಲಿಲ್ಲ. ಮನೆತನದ ಅಡ್ಡಹೆಸರು ಹೇಳಿದೆ, ಗೊತ್ತಾಗಲಿಲ್ಲ. ಒಂದು ಕಾಲದಲ್ಲಿ ಚಷ್ಮಾ ಮುಚ್ಚಿಟ್ಟು ಮದುವೆಯಾದ ನಾನು ಆಗ ಬೆನ್ನು ನೆಟ್ಟಗೆ ಮಾಡಿ ಹೇಳಿದೆ:

"ಅಂಕಲಿ ಚಷ್ಮಾ ಪೈಲ್ವಾನರ ಸೊಸಿರಿ."

ಹಿರಿಯರು ಕುರ್ಚಿ ಬಿಟ್ಟು ಎದ್ದು ನಿಂತರು.